ಚೀನಾದ 'ಸ್ವಾಯತ್ತ ಪ್ರದೇಶ' ಅಂದ್ರೆ ಏನು? ಇಲ್ಲಿಗೆ ಬರುವ ಕನ್ನಡಿಗರಿಗಾಗಿ

ಚೀನಾದಲ್ಲಿ ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುತ್ತಾರೆ, ನೋಟು ಕೈಗೆ ಸಿಗೋದೇ ಅಪರೂಪ. ಸಿಕ್ಕರೆ ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಬ್ಯಾಂಕಿನ ಹೆಸರು ಮಂಗೋಲ್, ಟಿಬೆಟನ್, ಉಯ್ಘುರ್ ಮತ್ತು ಝುವಾಂಗ್ ಭಾಷೆಗಳಲ್ಲೂ ಇದೆ. ನಮ್ಮ ರೂಪಾಯಿ ನೋಟಿನ ಭಾಷಾಪಟ್ಟಿ ನೋಡಿ ಬೆಳೆದವರಿಗೆ ತಕ್ಷಣ ಅನ್ನಿಸೋದು, ಓ, ಇಲ್ಲೂ ಭಾಷೆಗೊಂದು ರಾಜ್ಯ ಇರಬೇಕು ಅಂತ. ಆ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಕರ್ನಾಟಕ ಸರ್ಕಾರದ ಅಧಿಕಾರ ಸಂವಿಧಾನದ ಪಟ್ಟಿಯಲ್ಲಿ ಬರೆದಿದೆ. ದೆಹಲಿಯಲ್ಲಿ ಯಾವ ಪಕ್ಷ ಇದ್ದರೂ ಪೊಲೀಸು, ಜಮೀನು ನಮ್ಮ ರಾಜ್ಯದ ಕೈಯಲ್ಲೇ. ಚೀನಾ ಒಕ್ಕೂಟ ಅಲ್ಲ. ಕೆಳಗಿನವರ ಹತ್ತಿರ ಇರೋ ಅಧಿಕಾರವೆಲ್ಲ ಬೀಜಿಂಗ್ ಕೊಟ್ಟದ್ದು. ಈ ಚೌಕಟ್ಟಿನ ಒಳಗೇ ಅಲ್ಪಸಂಖ್ಯಾತ ಜನಾಂಗಗಳಿಗೆ 'ಸ್ವಾಯತ್ತ' ಜಾಗಗಳನ್ನು ಮಾಡಿದ್ದಾರೆ. ಸರ್ಕಾರ ಗುರುತಿಸಿದ ಜನಾಂಗಗಳು 56. ಅದರಲ್ಲಿ ಹಾನ್ ಜನರೇ ನೂರಕ್ಕೆ 91, ಉಳಿದ 55 ಜನಾಂಗಗಳೆಲ್ಲ ಸೇರಿ ಒಂಬತ್ತು. ಆದರೆ ಸ್ವಾಯತ್ತ ಅನ್ನಿಸಿಕೊಂಡ ನೆಲ ದೇಶದ ಸುಮಾರು 64%. ಗಡಿ, ಗಣಿ, ಹುಲ್ಲುಗಾವಲು ಹೆಚ್ಚಾಗಿ ಅಲ್ಲೇ ಇರೋದು. ಬೀಜಿಂಗ್ ಹಿಡಿತ ಸಡಿಲ ಬಿಡದಿರೋದಕ್ಕೆ ಬೇರೆ ಕಾರಣ ಹುಡುಕಬೇಕಾ?

ಪ್ರಾಂತ್ಯದ ಮಟ್ಟದಲ್ಲಿ ಇಂಥವು ಐದು: ಒಳ ಮಂಗೋಲಿಯಾ (1947), ಷಿನ್‌ಜಿಯಾಂಗ್ (1955), ಗುವಾಂಗ್‌ಷಿ ಮತ್ತು ನಿಂಗ್‌ಷಿಯಾ (1958), ಟಿಬೆಟ್ (1965). ಅದರ ಕೆಳಗಿನ ಮಟ್ಟದಲ್ಲಿ 30 ಸ್ವಾಯತ್ತ ಪ್ರಿಫೆಕ್ಚರ್‌ಗಳು, ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆಗಿಂತ ದೊಡ್ಡವು. ಅದಕ್ಕೂ ಕೆಳಗೆ 120 ಸ್ವಾಯತ್ತ ಕೌಂಟಿಗಳು. ಒಂದರೊಳಗೆ ಇನ್ನೊಂದು ಇರೋದೂ ಉಂಟು. ಷಿನ್‌ಜಿಯಾಂಗ್ ಉಯ್ಘುರರ ಹೆಸರಲ್ಲಿದೆ, ಅದರೊಳಗಿನ ಇಲಿ ಕಝಾಕರ ಹೆಸರಲ್ಲಿದೆ, ಇಲಿಯೊಳಗೆ ಷಿಬೆ ಜನಾಂಗದ್ದೊಂದು ಕೌಂಟಿ. ಹಾಗೇ ಟಿಬೆಟಿಯನ್ನರೆಲ್ಲ 'ಟಿಬೆಟ್'ನಲ್ಲೇ ಇದ್ದಾರೆ ಅಂದುಕೊಳ್ಳಬೇಡಿ. ಅರ್ಧದಷ್ಟು ಜನ ಛಿಂಗ್‌ಹಾಯ್, ಸಿಚುವಾನ್, ಗಾನ್ಸು, ಯುನ್ನಾನ್ ಪ್ರಾಂತ್ಯಗಳಲ್ಲಿದ್ದಾರೆ.

ಪ್ರದೇಶ ಯಾರ ಹೆಸರಲ್ಲಿದೆಯೋ ಅವರೇ ಅಲ್ಲಿ ಬಹುಮತದಲ್ಲಿರಬೇಕು ಅಂತಿಲ್ಲ. 2020ರ ಜನಗಣತಿಯಲ್ಲಿ ಒಳ ಮಂಗೋಲಿಯಾದ ಮಂಗೋಲರು 18%ಗೂ ಕಡಿಮೆ. ಷಿನ್‌ಜಿಯಾಂಗ್‌ನಲ್ಲಿ ಉಯ್ಘುರರು ಸುಮಾರು 45%, ಹಾನ್ ಜನ 42%. ಟಿಬೆಟ್‌ನಲ್ಲಿ ಮಾತ್ರ ಟಿಬೆಟಿಯನ್ನರು 86% ಇದ್ದಾರೆ.

ಇನ್ನು ಕುರ್ಚಿಗಳ ವಿಷಯ. ಪ್ರದೇಶದ ಅಧ್ಯಕ್ಷ ಆಯಾ ಜನಾಂಗದವರೇ ಆಗಿರಬೇಕು ಅಂತ ಸಂವಿಧಾನವೇ ಹೇಳುತ್ತದೆ, ಅದನ್ನು ಪಾಲಿಸುತ್ತಾರೆ ಕೂಡ. ಆದರೆ ಆ ಊರಿನ ನಿಜವಾದ ಯಜಮಾನ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ. ಆ ಹುದ್ದೆಗೆ ಇಂಥ ನಿಯಮ ಇಲ್ಲ, ಸಾಮಾನ್ಯವಾಗಿ ಹಾನ್ ಅಧಿಕಾರಿಯೇ ಬರುತ್ತಾರೆ. ಪೇಪರಿನಲ್ಲಿ ಎರಡು ಹೆಸರು ಕಂಡರೆ ಕಾರ್ಯದರ್ಶಿಯದ್ದೇ ಮುಖ್ಯ ಅಂತ ತಿಳಿಯಿರಿ.

ಸ್ವಾಯತ್ತತೆಯ ಕಾಯ್ದೆ 1984ರದ್ದು. ಅದರ ಪ್ರಕಾರ ಪ್ರದೇಶಗಳು ತಮಗೆ ಬೇಕಾದ ಸ್ವಾಯತ್ತ ನಿಯಮಾವಳಿ ಬರೆದುಕೊಳ್ಳಬಹುದು. ಆದರೆ ಅದು ಜಾರಿಗೆ ಬರಬೇಕಾದರೆ ಬೀಜಿಂಗ್‌ನ ರಾಷ್ಟ್ರೀಯ ಜನ ಕಾಂಗ್ರೆಸ್ಸಿನ, ಅಂದರೆ ಚೀನಾ ಸಂಸತ್ತಿನ, ಸ್ಥಾಯಿ ಸಮಿತಿ ಒಪ್ಪಬೇಕು. ಐದು ಪ್ರದೇಶಗಳಲ್ಲಿ ಒಂದಕ್ಕೂ ಇವತ್ತಿನವರೆಗೆ ಅಂಥ ನಿಯಮಾವಳಿ ಇಲ್ಲ. ಕೆಳಗಿನ ಪ್ರಿಫೆಕ್ಚರ್, ಕೌಂಟಿಗಳು ಮಾಡಿಕೊಂಡಿವೆ, ಮೇಲಿನವಕ್ಕೆ ಆಗಿಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಗುಟ್ಟು ಇಷ್ಟೇ.

ಹಾಗಂತ ಜನರಿಗೆ ಏನೂ ಸಿಕ್ಕಿಲ್ಲ ಅಂದರೆ ತಪ್ಪಾಗುತ್ತದೆ. ಒಂದೇ ಮಗು ಅನ್ನೋ ಕಾಲದಲ್ಲಿ ಅಲ್ಪಸಂಖ್ಯಾತರಿಗೆ ವಿನಾಯಿತಿ ಇತ್ತು. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕ ಕೊಡುತ್ತಿದ್ದರು, ಈಗ ಕಡಿಮೆ ಮಾಡುತ್ತಾ ಬಂದಿದ್ದಾರೆ. ಭಾಷೆಯಲ್ಲೂ ಅದೇ ಕಥೆ. 2020ರಿಂದ ಒಳ ಮಂಗೋಲಿಯಾದ ಮಂಗೋಲ್ ಶಾಲೆಗಳಲ್ಲಿ ಸಾಹಿತ್ಯ, ರಾಜನೀತಿ, ಇತಿಹಾಸದ ಪಾಠ ಹಂತಹಂತವಾಗಿ ಚೀನೀ ಭಾಷೆಗೆ ಬದಲಾಯಿತು. ಅಪ್ಪ ಅಮ್ಮಂದಿರು ಮಕ್ಕಳನ್ನು ಶಾಲೆಗೆ ಕಳಿಸದೆ ಪ್ರತಿಭಟಿಸಿದರು. ಕೊರಿಯನ್ ಜನಾಂಗದ ಸ್ವಾಯತ್ತ ಪ್ರಿಫೆಕ್ಚರ್ ಯಾನ್‌ಬಿಯಾನ್‌ನಲ್ಲಿ ಅಂಗಡಿ ಬೋರ್ಡಿನ ಮೇಲ್ಸಾಲಿನಲ್ಲಿದ್ದ ಕೊರಿಯನ್ 2022ರಿಂದ ಕೆಳಗಿಳಿದು, ಚೀನೀ ಮೇಲೆ ಬಂತು. ಬೋರ್ಡಿನಲ್ಲಿ 60% ಕನ್ನಡ ಇರಬೇಕು ಅಂತ ಹೋರಾಡಿದ ನಮಗೆ ಇದರ ನೋವು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಷಿನ್‌ಜಿಯಾಂಗ್‌ನಲ್ಲಿ ನಡೆದದ್ದು ಇದಕ್ಕಿಂತ ಬಹಳ ಘೋರ. ಉಯ್ಘುರರನ್ನು ದೊಡ್ಡ ಸಂಖ್ಯೆಯಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ್ದು ಮಾನವೀಯತೆಯ ವಿರುದ್ಧದ ಅಪರಾಧ ಆಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರಲ್ಲಿ ಹೇಳಿತು. ಚೀನಾ ಒಪ್ಪುವುದಿಲ್ಲ, ಅವು ವೃತ್ತಿ ತರಬೇತಿ ಕೇಂದ್ರಗಳು ಅನ್ನುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಇಡೀ ದೇಶಕ್ಕೆ ಬೀಜಿಂಗ್ ಸಮಯ ಒಂದೇ. ಆದರೆ ಷಿನ್‌ಜಿಯಾಂಗ್‌ನ ಉಯ್ಘುರರು ಎರಡು ಗಂಟೆ ಹಿಂದಿನ ಸ್ಥಳೀಯ ಸಮಯವನ್ನೂ ಬಳಸುತ್ತಾರೆ. ಯಾರಾದರೂ ಎಂಟಕ್ಕೆ ಸಿಗೋಣ ಅಂದರೆ, ಯಾವ ಎಂಟು ಅಂತ ಕೇಳಿ. ರೈಲು, ವಿಮಾನ ಮಾತ್ರ ಬೀಜಿಂಗ್ ಸಮಯಕ್ಕೇ. ಪಾಸ್‌ಪೋರ್ಟ್ ಸದಾ ಜೊತೆಗಿರಲಿ. ಪೊಲೀಸರ ಫೋಟೊ ಬೇಡ. ಅಲ್ಲಿಯವರನ್ನು ರಾಜಕೀಯ ಕೇಳಲೇಬೇಡಿ. ನೀವು ಊರಿಗೆ ವಾಪಸ್ ಹೋಗುತ್ತೀರಿ, ತೊಂದರೆ ಆಗೋದು ಅವರಿಗೆ.

ಲಾಸಾಗೆ ಹೋಗಲು ಚೀನಾ ವೀಸಾ ಸಾಲದು, ಇಲ್ಲೇ ಕೆಲಸದಲ್ಲಿದ್ದು ವಾಸದ ಪರವಾನಗಿ ಇದ್ದರೂ ಸಾಲದು. ಟಿಬೆಟ್‌ಗೆ ಬೇರೆಯೇ ಪರವಾನಗಿ ಬೇಕು. ಅದನ್ನು ಟ್ರಾವೆಲ್ ಏಜೆನ್ಸಿ ಮೂಲಕವೇ ಮಾಡಿಸಬೇಕು, ಗೈಡ್ ಜೊತೆಗಿರಲೇಬೇಕು. ಅದಿಲ್ಲದೆ ರೈಲು, ವಿಮಾನ ಹತ್ತಲು ಬಿಡುವುದಿಲ್ಲ. ಕೈಲಾಸದ ಕಡೆಗೆ ಇನ್ನೂ ಒಂದೆರಡು ಕಾಗದ ಜಾಸ್ತಿ. 1959ರ ಮಾರ್ಚ್ 10ರಂದು ಲಾಸಾದಲ್ಲಿ ಚೀನಾ ವಿರುದ್ಧ ಎದ್ದ ದಂಗೆಯ ನೆನಪಿನ ಕಾಲ ಅಂತ ಮಾರ್ಚ್ ತಿಂಗಳಲ್ಲಿ ಸಾಮಾನ್ಯವಾಗಿ ವಿದೇಶಿಯರಿಗೆ ಟಿಬೆಟ್ ಬಾಗಿಲೇ ತೆರೆಯುವುದಿಲ್ಲ. ರಜೆ ಹಾಕುವ ಮುಂಚೆ ಇದನ್ನು ನೋಡಿಕೊಳ್ಳಿ.