ಅವರು ಉಂಡಿಲ್ಲ, ನಾನು ಹೆಂಗೆ ಉಣ್ಲಿ?

2017ರ ಸೆಪ್ಟೆಂಬರ್ ತಿಂಗಳು. ನಮ್ಮ ಹುಡುಗಿಯೊಬ್ಬಳು ಬೆಳಗಿನ ತಿಂಡಿ ಮುಟ್ಟಲಿಲ್ಲ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಕೇಳಿದರೆ ಹೊಟ್ಟೆ ನೋವು ಅಂದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಏನೂ ತೊಂದರೆ ಇಲ್ಲ ಅಂತ ಕಳಿಸಿದರು.

ಮಂಡ್ಯ ಜಿಲ್ಲೆಯಲ್ಲಿ ತಂದೆ ತಾಯಿ ಇಲ್ಲದ ಹೆಣ್ಣುಮಕ್ಕಳು ಇರುವ ಒಂದು ಸಂಸ್ಥೆಯಲ್ಲಿ ನಾನು ಆಪ್ತ ಸಮಾಲೋಚಕಿ. ಹೆಚ್ಚಿನವರು 12ರಿಂದ 18 ವರ್ಷದವರು. ಮಕ್ಕಳ ಗುರುತು ಹೊರಗೆ ಹಾಕಬಾರದು ಅಂತ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ, ಊರೂ ಇಲ್ಲ.

ಈ ಹುಡುಗಿ ಬಂದಾಗ ಅವಳಿಗೆ 13 ವರ್ಷ. ಮಂಡ್ಯದ ಕಬ್ಬು ಬೆಳೆಗಾರರು ಸಾಲದ ಹೊರೆಗೆ ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡ 2015ರಲ್ಲಿ ಅವಳ ಅಪ್ಪನೂ ಹೋದರು. ಎರಡು ವರ್ಷಕ್ಕೆ ಅಮ್ಮ ಕಾಯಿಲೆಯಿಂದ ತೀರಿಕೊಂಡರು. ಬಂದ ದಿನವೂ ಅವಳು ಅಳಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಚಿಕ್ಕ ಮಕ್ಕಳಿಗೆ ಜಡೆ ಹಾಕುತ್ತಿದ್ದಳು. ಕ್ಲಾಸಿನಲ್ಲೂ ಮುಂದೆ. "ಗಟ್ಟಿ ಹುಡುಗಿ" ಅಂತ ಎಲ್ಲರೂ ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ.

ಹದಿಹರೆಯದವರ ಮನಸ್ಸಿನ ಸ್ಥಿತಿ ತಿಳಿಯಲು ನಾವು 25 ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತೇವೆ. ಎಸ್‌ಡಿಕ್ಯೂ ಅಂತಾರೆ. ಮಗುವೇ ಓದಿ ಗುರುತು ಹಾಕುತ್ತದೆ. ಇನ್ನೊಬ್ಬರಿಗೆ ಸಹಾಯ ಮಾಡುವ ಗುಣಕ್ಕೆ ಅದರಲ್ಲಿ 10 ಅಂಕ. ಅವಳಿಗೆ 10ಕ್ಕೆ 10 ಬಂದಿತ್ತು. ಚಿಂತೆ, ಭಯ, ತಲೆನೋವು, ಹೊಟ್ಟೆನೋವು ಎಲ್ಲಕ್ಕೂ "ಇಲ್ಲ" ಅಂತ ಗುರುತು. ಹಾಳೆ ನೋಡಿ ನನಗೆ ಸಮಾಧಾನ ಆಗಿತ್ತು. ಜಗಳ ಮಾಡುವವರು, ರಾತ್ರಿ ಕಿರುಚುವವರು ಬೇಕಾದಷ್ಟು ಮಂದಿ ಇದ್ದರು. ನನ್ನ ಸಮಯ ಅವರಿಗೇ ಹೋಗುತ್ತಿತ್ತು. ತೊಂದರೆ ಕೊಡದ ಮಗುವಿಗೆ ತೊಂದರೆ ಇಲ್ಲ ಅಂದುಕೊಂಡಿದ್ದೆ. ಅದು ನನ್ನ ತಪ್ಪು.

ಆಸ್ಪತ್ರೆಯಿಂದ ಬಂದ ಮೇಲೆ ವಿಷಯ ಹಿಡಿದವರು ನಮ್ಮ ಅಡುಗೆ ಅಮ್ಮ. "ಮಿಸ್, ಇವತ್ತು ಅಮಾಸೆ. ಊರಲ್ಲೆಲ್ಲ ಹಿರೀಕರಿಗೆ ಎಡೆ ಇಡ್ತಾವ್ರೆ. ಆ ಮಗು ಎಲ್ಲಿ ಇಡ್ತದೆ?" ಅಂದರು.

ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಪಿತೃಪಕ್ಷ ಅಂದರೆ ದೊಡ್ಡ ಹಬ್ಬ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ಬಾಳೆ ಎಲೆಯಲ್ಲಿ ಎಡೆ ಬಡಿಸುತ್ತೇವೆ. ಅವರಿಗೆ ಬಡಿಸುವ ತನಕ ಮನೆಯವರು ಉಣ್ಣುವುದಿಲ್ಲ. ನಾನು ಅವಳ ಪಕ್ಕ ಹೋಗಿ ಕುಳಿತು, "ಎಡೆ ಇಡಬೇಕಿತ್ತಾ ಪುಟ್ಟಾ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅವರು ಉಂಡಿಲ್ಲ, ನಾನು ಹೆಂಗೆ ಉಣ್ಲಿ ಮಿಸ್?" ಅಂದಳು. ಬಂದು ಮೂರು ತಿಂಗಳಾದ ಮೇಲೆ ಅವತ್ತು ಮೊದಲ ಸಲ ಅತ್ತಳು.

ಹಳೆಯದನ್ನು ನೆನಪಿಸಿದರೆ ಮಕ್ಕಳಿಗೆ ನೋವಾಗುತ್ತದೆ ಅಂತ ನಾವು ಅಪ್ಪ ಅಮ್ಮನ ಮಾತನ್ನೇ ಎತ್ತುತ್ತಿರಲಿಲ್ಲ. ಓದು, ಡ್ಯಾನ್ಸ್, ಟೇಲರಿಂಗ್ ಅಂತ ದಿನ ತುಂಬಿಸುತ್ತಿದ್ದೆವು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದೆವು. ಆದರೆ ಆ ಮಗು ಅಪ್ಪ ಅಮ್ಮನನ್ನು ಮರೆಯಲು ಹೊರಟಿರಲಿಲ್ಲ. ಅವರಿಗೆ ತಾನು ಮಾಡಬೇಕಾದದ್ದನ್ನು ಮಾಡಲು ಜಾಗ ಹುಡುಕುತ್ತಿತ್ತು.

ಮುಂದಿನ ವರ್ಷ ಎಡೆ ಇಟ್ಟೆವು. ಸುಲಭಕ್ಕೆ ಆಗಲಿಲ್ಲ. ಬೇರೆ ಧರ್ಮದ ಮಕ್ಕಳೂ ಇದ್ದಾರೆ, ಇದು ಸರಿಯಾ ಅನ್ನುವ ಪ್ರಶ್ನೆ ಬಂತು. ಸರಿಯಾದ ಪ್ರಶ್ನೆಯೇ. ಬೇಕಾದವರು ಮಾತ್ರ, ಅವರವರ ಕ್ರಮದಲ್ಲಿ ಅಂತ ತೀರ್ಮಾನ ಮಾಡಿದೆವು. ಒಬ್ಬ ಮುಸ್ಲಿಂ ಹುಡುಗಿ ಬೇರೆ ಕೋಣೆಯಲ್ಲಿ ಕುಳಿತು ಅಮ್ಮನಿಗಾಗಿ ದುವಾ ಮಾಡಿದಳು. ನಮ್ಮ ಹುಡುಗಿ ಒಂದು ವಾರ ಮುಂಚೆಯೇ ಚೀಟಿ ಬರೆದು ಕೊಟ್ಟಿದ್ದಳು. ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ, ಅಮ್ಮನಿಗೆ ಎಲೆ ಅಡಿಕೆ, ಅಪ್ಪನಿಗೆ ಒಂದು ಕಟ್ಟು ಬೀಡಿ. ಮಕ್ಕಳಿರುವ ಜಾಗಕ್ಕೆ ಬೀಡಿ ಹೇಗೆ ತರುವುದು ಅಂತ ಮತ್ತೆ ಚರ್ಚೆ. ಕೊನೆಗೆ ವಾಚ್‌ಮನ್ ತಂದರು. ಎಡೆ ಎತ್ತಿದ ಮೇಲೆ ಅವರೇ ವಾಪಸ್ ತೆಗೆದುಕೊಂಡು ಹೋದರು.

ಅವತ್ತು ರಾತ್ರಿ ಇನ್ನೊಬ್ಬ ಹುಡುಗಿ ಸ್ನಾನದ ಮನೆಯಲ್ಲಿ ಬಕೆಟ್ ಒಡೆದು ಹಾಕಿದಳು. ಅವಳನ್ನು ಹಸುಗೂಸಾಗಿದ್ದಾಗಲೇ ಯಾರೋ ಬಿಟ್ಟು ಹೋಗಿದ್ದರು. "ನಾನು ಯಾರಿಗೆ ಇಡ್ಲಿ? ಬದುಕಿರೋರಿಗೆ ಇಡಕ್ಕಾಗುತ್ತಾ?" ಅಂತ ಕೂಗಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಅಮ್ಮ ಸತ್ತ ಮಗುವಿನ ದುಃಖ ಬೇರೆ, ಅವರು ಬಿಟ್ಟುಹೋದ ಮಗುವಿನ ದುಃಖ ಬೇರೆ. ನಮ್ಮ ಕಡತದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಇರುತ್ತಾರೆ ಅಷ್ಟೆ. ಮಾರನೇ ವರ್ಷದಿಂದ ಅವಳು ಆ ದಿನ ಅಡುಗೆ ಅಮ್ಮನ ಮನೆಗೆ ಹೋಗಿ ಬರಲು ಶುರು ಮಾಡಿದಳು. ಅದಕ್ಕೆ ಬೇಕಾದ ಅನುಮತಿ ನಾನು ಮಾಡಿಸಿಕೊಟ್ಟೆ. ಅವಳ ವಿಷಯದಲ್ಲಿ ಅದಕ್ಕಿಂತ ಹೆಚ್ಚು ಮಾಡಲು ನನ್ನಿಂದ ಆಗಿಲ್ಲ.

ಎಡೆ ಇಟ್ಟ ಮೇಲೆ ಚೀಟಿ ಬರೆದುಕೊಟ್ಟಿದ್ದ ನಮ್ಮ ಹುಡುಗಿ ಊರಿನ ಮಾತು ಆಡತೊಡಗಿದಳು. ಹೊಲದ ಬದುವಿನಲ್ಲಿ ಒಂದು ಹುಣಸೆ ಮರ ಇದೆ, ಚಿಕ್ಕಪ್ಪ ಈಗ ಕಬ್ಬು ಹಾಕಿದ್ದಾರೆ, ಹೀಗೆ. ನಾವು ಪಹಣಿ ತೆಗೆಸಿ ನೋಡಿದರೆ ಜಮೀನು ಇನ್ನೂ ಅವಳ ತಾತನ ಹೆಸರಿನಲ್ಲೇ ಇತ್ತು. ತಾತ ಯಾವಾಗಲೋ ತೀರಿಕೊಂಡಿದ್ದರು. ಇಂಥ ಮಕ್ಕಳ ಜೊತೆ ಕೆಲಸ ಮಾಡುವವರು ದಯವಿಟ್ಟು ಇದನ್ನು ಮೊದಲ ತಿಂಗಳೇ ನೋಡಿ. ಅಪ್ಪ ಅಮ್ಮನ ಮರಣ ಪ್ರಮಾಣಪತ್ರ ಬೇಕು. ನಾಡಕಚೇರಿಯಿಂದ ವಂಶವೃಕ್ಷ ಬೇಕು. ಆಮೇಲೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ. ಅಪ್ಪನ ಪಾಲಿನಲ್ಲಿ ಹೆಣ್ಣುಮಗುವಿಗೂ ಹಕ್ಕಿದೆ. 18 ತುಂಬದ ಮಗುವಿನ ಪಾಲನ್ನು ಚಿಕ್ಕಪ್ಪ ದೊಡ್ಡಪ್ಪ ತಾವಾಗಿ ಮಾರುವಂತಿಲ್ಲ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಕ್ಕಳಿಗೆ ನೆರವು ಉಚಿತ.

ನಾವು ಜಗಳಕ್ಕೆ ಸಿದ್ಧವಾಗಿಯೇ ಚಿಕ್ಕಪ್ಪನನ್ನು ಕರೆಸಿದ್ದೆವು. ಅವರು ಕೈಯಲ್ಲಿ ಎರಡು ಅಚ್ಚು ಬೆಲ್ಲ ಹಿಡಿದುಕೊಂಡು ಬಂದರು. "ಕಿತ್ಕೊಳ್ಳೋಕೆ ಮಾಡಿಲ್ಲ ಮೇಡಂ, ಬೀಳು ಬಿಡಬಾರ್ದು ಅಂತ ಮಾಡ್ತಿದ್ದೆ. ಇವಳ್ನ ನೋಡಕ್ಕೆ ಮುಖ ಇರಲಿಲ್ಲ, ಅದಕ್ಕೆ ಬರಲಿಲ್ಲ," ಅಂದರು. ಖಾತೆ ಆಗಲು ಒಂದೂವರೆ ವರ್ಷ ಹಿಡಿಯಿತು. ಆದರೆ ಮುಂದಿನ ಯುಗಾದಿಗೇ ಅವಳು ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಪಡೆದು ಊರಿಗೆ ಹೋಗಿ ಬಂದಳು. ಪಹಣಿಯಲ್ಲಿ ತನ್ನ ಹೆಸರು ಬಂದ ದಿನ ಅದನ್ನು ಲ್ಯಾಮಿನೇಷನ್ ಮಾಡಿಸಿ ಕೊಡಿ ಅಂತ ಕೇಳಿದಳು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸಿದ್ದರು. ಬಡತನ, ಮನೆಯ ಜಗಳ, ಹೆತ್ತವರ ಮಾನಸಿಕ ಕಾಯಿಲೆ ಎಲ್ಲ ಒಟ್ಟಿಗೇ ಬಿದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಬ್ಬರು ಚೆನ್ನಾಗಿ ಬೆಳೆದು ನಿಂತರು. ಅಂಥವರಿಗೆ ಕೈಬಿಡದ ಒಬ್ಬರಾದರೂ ದೊಡ್ಡವರು ಸಿಕ್ಕಿದ್ದರು. ಅಜ್ಜಿಯೋ, ಟೀಚರೋ, ಅಕ್ಕಪಕ್ಕದವರೋ. ತರಬೇತಿಯಲ್ಲಿ ಇದನ್ನು ಕೇಳಿದಾಗ ನನಗೆ ನಮ್ಮ ಅಡುಗೆ ಅಮ್ಮನ ಮುಖ ಕಣ್ಣ ಮುಂದೆ ಬಂತು. ಸಮಾಲೋಚನೆಯ ಕೋಣೆ ನನ್ನದು. ಆದರೆ ಆ ಮಗುವಿಗೆ ಅಂಥ ಒಬ್ಬರು ಸಿಕ್ಕಿದ್ದು ಒಲೆ ಮುಂದೆ.

ಅಜ್ಜಿಯೋ ಚಿಕ್ಕಮ್ಮನೋ ಇದ್ದರೆ ಮಗು ಅಲ್ಲೇ ಇರಲಿ ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ. ಬಾಲನ್ಯಾಯ ಕಾಯ್ದೆಯೂ ಸಂಸ್ಥೆಯನ್ನು ಕೊನೆಯ ದಾರಿ ಅಂತಲೇ ನೋಡುತ್ತದೆ. ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರಿ ಯೋಜನೆಯ ಪ್ರಾಯೋಜಕತ್ವದಲ್ಲಿ, ಮನೆಯಲ್ಲೇ ಬೆಳೆಯುವ ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿ ಸಿಗುತ್ತದೆ. ಎಷ್ಟೋ ಅಜ್ಜಿಯರಿಗೆ ಇದು ಗೊತ್ತೇ ಇಲ್ಲ.

17 ದಾಟಿದವರಿಗೆ ಬೇರೆಯೇ ಭಯ. 18 ಆದರೆ ಹೊರಗೆ. 21ರ ತನಕ ಅನುಪಾಲನೆಯ, ಅಂದರೆ ಸಂಸ್ಥೆ ಬಿಟ್ಟ ಮೇಲಿನ, ನೆರವು ಪಡೆಯಲು ಅವಕಾಶ ಇದೆ, ನಿಜ. ಆದರೆ ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡುವುದು? ಈಗ ಹೊರಡುವ ಒಂದು ವರ್ಷ ಮುಂಚೆ ಪ್ರತಿ ಹುಡುಗಿಯ ಜೊತೆ ಕುಳಿತು ಮೂರು ನಂಬರ್ ಬರೆಸುತ್ತೇನೆ. ಜ್ವರ ಬಂದರೆ ಯಾರಿಗೆ, ಹಬ್ಬಕ್ಕೆ ಯಾರ ಮನೆಗೆ, ತಪ್ಪು ಮಾಡಿದರೆ ಬೈಯುವವರು ಯಾರು. ಮೂರೂ ನನ್ನದೇ ನಂಬರ್ ಆದರೆ ನನ್ನ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ.

ಆ ಹುಡುಗಿ ಈಗ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಇಬ್ಬರು ಗೆಳತಿಯರ ಜೊತೆ ಬಾಡಿಗೆ ರೂಮು. ಹೋದ ವರ್ಷ ಅಮಾವಾಸ್ಯೆಯ ಬೆಳಿಗ್ಗೆ ಫೋನ್ ಮಾಡಿದಳು. "ಮಿಸ್, ಕಜ್ಜಾಯದ ಹಿಟ್ಟು ಗಟ್ಟಿಯಾಗಿಬಿಟ್ಟಿದೆ. ಒಡೀತಾ ಇದೆ. ಏನ್ ಮಾಡ್ಲಿ?"

ನನಗೆ ಗೊತ್ತಿರಲಿಲ್ಲ. ಫೋನ್ ಅಡುಗೆ ಅಮ್ಮನ ಕೈಗೆ ಕೊಟ್ಟೆ. "ಒಂಚೂರು ಬಿಸಿ ಹಾಲು ಹಾಕಿ ನಾದವ್ವ, ಮೆತ್ತಗಾಗ್ತದೆ," ಅಂದರು.