ಎಕೋ ಕಲಿಸುವಾಗ ಅಂಕಿಯನ್ನು ಕೊನೆಗೆ ಇಟ್ಟ ಬಗೆ

ರಾಯಚೂರಿನ ಬೋಧನಾ ಆಸ್ಪತ್ರೆಯೊಂದರಲ್ಲಿ ಮೆಡಿಸಿನ್ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಾನು ರೋಗಿಯ ಹಾಸಿಗೆಯ ಬಳಿಯಲ್ಲೇ ಎಕೋ (ಹೃದಯದ ಅಲ್ಟ್ರಾಸೌಂಡ್) ಕಲಿಸುತ್ತೇನೆ. ಅವರನ್ನು ಹೃದ್ರೋಗ ತಜ್ಞರನ್ನಾಗಿಸುವುದು ಇದರ ಉದ್ದೇಶವಲ್ಲ. ದೇವದುರ್ಗದ ಕಡೆಯಿಂದ ಚೇಳು ಕಡಿದ ಹುಡುಗನೊಬ್ಬ ತಣ್ಣಗಾದ ಕೈಕಾಲು, ಏದುಸಿರು, ಕುಸಿದ ರಕ್ತದೊತ್ತಡದೊಂದಿಗೆ ನಡುರಾತ್ರಿ ಬಂದರೆ, ಸಲೈನ್ ಏರಿಸಬೇಕೋ ಹೃದಯದ ಸಂಕೋಚನಕ್ಕೆ ಬಲ ಕೊಡುವ ಡೊಬುಟಮಿನ್ ಔಷಧ ಆರಂಭಿಸಬೇಕೋ ಎಂದು ತೀರ್ಮಾನಿಸಬೇಕಾದವರು ಡ್ಯೂಟಿಯಲ್ಲಿರುವ ಅವರೇ. ಚೇಳಿನ ವಿಷ ಹೃದಯವನ್ನೇ ಸೋಲಿಸಬಲ್ಲದು; ಹಾಗಾಗಿ ದೇಹಕ್ಕೆ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿ ಚೆನ್ನಾಗಿ ಸಂಕುಚಿಸುತ್ತಿದೆಯೇ, ಸ್ವಲ್ಪ ಕುಗ್ಗಿದೆಯೇ, ತೀರಾ ಕುಗ್ಗಿದೆಯೇ ಎಂಬಷ್ಟನ್ನು ಅವರು ಸರಿಯಾಗಿ ಹೇಳಬಲ್ಲವರಾಗಬೇಕು.

ಹೊಸಬರೆಲ್ಲರೂ ಮೊದಲು ಕೇಳುವುದು ಇ.ಎಫ್. (ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ಶೇಕಡಾ ಪಾಲು) ಎಷ್ಟು ಎಂದೇ. ಆ ಅಂಕಿಯನ್ನು ಅಳೆಯಲು ನಾನು ಆರಂಭದ ವಾರಗಳಲ್ಲಿ ಬಿಡುವುದಿಲ್ಲ. ಹೃದಯದ ತುದಿಯ ಕಡೆಯಿಂದ ನೋಡುವಾಗ ಎದೆಯ ಮೇಲಿಡುವ ಪ್ರೋಬ್ ಒಂದು ಪಕ್ಕೆಲುಬಿನಷ್ಟು ಮೇಲೆ ಕುಳಿತರೂ ಹೃತ್ಕುಕ್ಷಿ ಗಿಡ್ಡಗೆ, ದುಂಡಗೆ ಕಾಣುತ್ತದೆ. ಯಂತ್ರವು ಆ ತಪ್ಪು ಚಿತ್ರದಿಂದಲೇ ಸಂಕೋಚನ ಚೆನ್ನಾಗಿದೆಯೆಂಬ ಅಂಕಿಯನ್ನು ಕೊಟ್ಟುಬಿಡಬಹುದು. ಆದ್ದರಿಂದ ಮೊದಲು ಮೂರು ಸಂಗತಿಗಳನ್ನು ಬಾಯಿಬಿಟ್ಟು ಹೇಳಿಸುತ್ತೇನೆ: ಗೋಡೆಗಳು ಒಳಕ್ಕೆ ಎಷ್ಟು ಬರುತ್ತಿವೆ, ಸಂಕೋಚನದಲ್ಲಿ ಎಷ್ಟು ದಪ್ಪವಾಗುತ್ತಿವೆ, ಎಡ ಹೃತ್ಕುಕ್ಷಿಗೆ ರಕ್ತ ಒಳಬಿಡುವ ಮೈಟ್ರಲ್ ಕವಾಟದ ಮುಂದಿನ ಎಸಳು ತೆರೆದಾಗ ಎರಡು ಹೃತ್ಕುಕ್ಷಿಗಳ ನಡುಗೋಡೆಗೆ ಎಷ್ಟು ಹತ್ತಿರ ಹೋಗುತ್ತಿದೆ. ಇವುಗಳಲ್ಲಿ ದಪ್ಪವಾಗುವಿಕೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಸತ್ತ ಸ್ನಾಯುವೂ ಪಕ್ಕದ ಸ್ನಾಯುವಿನ ಎಳೆತಕ್ಕೆ ಅಲುಗಾಡುತ್ತದೆ, ಆದರೆ ದಪ್ಪವಾಗುವುದಿಲ್ಲ. ಎಸಳಿಗೂ ನಡುಗೋಡೆಗೂ 7 ಮಿಲಿಮೀಟರಿಗಿಂತ ಹೆಚ್ಚು ಅಂತರ ಉಳಿದರೆ ಸಂಕೋಚನ ಕುಗ್ಗಿರುವ ಸಂಭವವಿದೆ. ಆದರೆ ಮೈಟ್ರಲ್ ಕವಾಟ ಕಿರಿದಾಗಿದ್ದಾಗ ಮತ್ತು ರಕ್ತ ಹೊರಬಿಡುವ ಅಯೋರ್ಟಿಕ್ ಕವಾಟ ಸೋರುತ್ತಿದ್ದಾಗ ಈ ಅಳತೆಯನ್ನು ನಂಬುವಂತಿಲ್ಲ. ಈ ಕವಾಟಗಳನ್ನೇ ಕೆಡಿಸುವ ರುಮ್ಯಾಟಿಕ್ ಕಾಯಿಲೆ ನಮ್ಮ ವಾರ್ಡಿನಲ್ಲಿ ಕಾಣಸಿಗುವುದರಿಂದ ಈ ಅಪವಾದವನ್ನು ನಿಯಮದ ಜೊತೆಯಲ್ಲೇ ಕಲಿಸುತ್ತೇನೆ.

ಚಿತ್ರ ಚೆನ್ನಾಗಿ ಸಿಗುವುದು ಬಹುಪಾಲು ರೋಗಿಯೊಡನೆ ಆಡುವ ಮಾತಿನಿಂದ. "ಯಜಮಾನ್ರ, ಎಡ ಮಗ್ಗಲಾಗ್ರಿ, ಕೈ ತಲಿ ಮ್ಯಾಲ ಇಡ್ರಿ, ಉಸಿರು ಪೂರ್ತಿ ಬಿಟ್ಟು ಹಂಗ ಹಿಡೀರಿ" ಎಂದು ಹೇಳಲು ಬಂದ ವಿದ್ಯಾರ್ಥಿಗೆ ಅರ್ಧ ಕೆಲಸ ಮುಗಿದಂತೆ. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಎದೆಯ ಮೇಲಿಂದ ಏನೂ ಕಾಣದಿದ್ದಾಗ, ಪಕ್ಕೆಲುಬಿನ ಕೆಳಗಿನಿಂದ ನೋಡಲು ಹೇಳುತ್ತೇನೆ.

ಪ್ರತಿಯೊಬ್ಬರೂ ತಾವು ಕಂಡದ್ದನ್ನು ಮಾತಿನಲ್ಲಿ ಬರೆದಿಡುತ್ತಾರೆ; ಬಳಿಕ ಹೃದ್ರೋಗ ವೈದ್ಯರು ಮಾಡಿದ ಪೂರ್ಣ ಎಕೋ ವರದಿಯೊಂದಿಗೆ ಹೋಲಿಸಿ, ಭಿನ್ನಾಭಿಪ್ರಾಯವಿದ್ದ ತುಣುಕುಗಳನ್ನು ಒಟ್ಟಿಗೆ ಕುಳಿತು ಮತ್ತೆ ನೋಡುತ್ತೇವೆ. ತೀರಾ ಕುಗ್ಗಿದ ಹೃದಯವನ್ನು ಎಲ್ಲರೂ ಬೇಗ ಗುರುತಿಸುತ್ತಾರೆ. ತೊಡಕು ಬರುವುದು ನಡುವಿನ ದರ್ಜೆಯಲ್ಲಿ, ಅದರಲ್ಲೂ ಬಡಿತ ವೇಗವಾಗಿದ್ದಾಗ ಮತ್ತು ಏಟ್ರಿಯಲ್ ಫಿಬ್ರಿಲೇಶನ್ (ಲಯ ತಪ್ಪಿದ ಬಡಿತ) ಇದ್ದಾಗ. ಒಂದು ಬಡಿತವನ್ನು ನೋಡಿ ತೀರ್ಪು ಕೊಡಬಾರದೆಂದು ಅಲ್ಲಿ ಒತ್ತಿ ಹೇಳಬೇಕಾಗುತ್ತದೆ. ಚೇಳಿನ ವಿಷದಿಂದ ಸೋತ ಹೃದಯವು ರಕ್ತನಾಳ ಸಡಿಲಿಸುವ ಪ್ರಾಜೋಸಿನ್ ಔಷಧ ಮತ್ತು ಸಕಾಲದ ಆರೈಕೆಯಿಂದ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುವುದುಂಟು. ಅಂಥ ರೋಗಿಯನ್ನು ದಿನವೂ ಒಬ್ಬನೇ ವಿದ್ಯಾರ್ಥಿಯಿಂದ ನೋಡಿಸುತ್ತೇನೆ. ಒಂದೇ ಎದೆಯಲ್ಲಿ ಮೂರೂ ದರ್ಜೆಗಳನ್ನು ಕಂಡವನಿಗೆ ಅವುಗಳ ವ್ಯತ್ಯಾಸವನ್ನು ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ವರದಿಯ ಹಾಳೆಯಲ್ಲಿ ಈ ಮೂರು ದರ್ಜೆಗಳ ಕೆಳಗೆ "ಚಿತ್ರ ಸಾಲದು, ಹೇಳಲಾಗದು" ಎಂಬ ನಾಲ್ಕನೆಯ ಸಾಲನ್ನೂ ಮುದ್ರಿಸಿದ್ದೇವೆ. ಅದಕ್ಕೆ ಗುರುತು ಹಾಕಿದ ವಿದ್ಯಾರ್ಥಿ ಹಿರಿಯರನ್ನು ಕೂಡಲೇ ಕರೆಯಬೇಕು, ಯಾವ ಹೊತ್ತಿನಲ್ಲಿ ಕರೆದರೂ ಹಿರಿಯರು ಬರಬೇಕು.