ವಕೀಲರ ಫೀಸಿಗೆ ದುಡ್ಡಿಲ್ಲವಾ? ಮೊದಲು ಈ ಬಾಗಿಲು ತಟ್ಟಿ

ನಾನು ವಕೀಲೆ ಅಲ್ಲ. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ. ರಿಟೈರ್ ಆದಮೇಲೆ ನಮ್ಮ ತಾಲ್ಲೂಕಿನಲ್ಲಿ ಅರೆಕಾನೂನು ಸ್ವಯಂಸೇವಕಿ ಆದೆ, ಅಂದರೆ ತರಬೇತಿ ಪಡೆದು ಜನರಿಗೆ ಕಾನೂನಿನ ದಾರಿ ತೋರಿಸುವವಳು. ಕೋರ್ಟಿಗೆ ಹೊಸದಾಗಿ ಬಂದವರು ಎಷ್ಟೋ ಸಲ ಗೇಟಿನ ಹತ್ತಿರವೇ ಯಾರಿಗೋ ಐನೂರು ರೂಪಾಯಿ ಕೊಟ್ಟು ಕೂತಿರುತ್ತಾರೆ. ಹಾಗೆ ಮಾಡಬೇಡಿ. ಒಳಗೆ ಹೋಗಿ ‘ತಾಲ್ಲೂಕು ಕಾನೂನು ಸೇವಾ ಸಮಿತಿ’ ಎಲ್ಲಿ ಅಂತ ಕೇಳಿ. ಉಚಿತವಾಗಿ ವಕೀಲರನ್ನು ಕೊಡುವುದು ಇವರೇ. ಕೋರ್ಟ್ ದೂರವಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ 12ನೇ ಕಲಂ ನೋಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೆಲ್ಲ ಸಂಬಳ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ.

ಇನ್ನು ಸಮಿತಿಗೆ ಕೊಡುವ ಅರ್ಜಿ. ಇದರಲ್ಲಿ ನಾನೇ ಎಡವಿದ್ದೇನೆ. ಜೀವನಾಂಶ ಕೇಳಲು ಬಂದ ಒಬ್ಬಳು ಹುಡುಗಿಗೆ ನಾಲ್ಕು ಪುಟ ಬರೆದುಕೊಟ್ಟೆ. ಅತ್ತೆ ಬೈದಿದ್ದು, ನಾದಿನಿ ಸೀರೆ ಕಿತ್ತುಕೊಂಡಿದ್ದು, ಎಲ್ಲ ಇತ್ತು. ಸಮಿತಿಯವರು ಓದಿ ಕೇಳಿದ್ದು ಒಂದೇ ಮಾತು: ‘ಟೀಚರ್, ಇವರಿಗೆ ಬೇಕಾಗಿರೋದು ಏನು?’ ಅದನ್ನೇ ಬರೆದಿರಲಿಲ್ಲ! ಈಗ ಮೊದಲ ಸಾಲಿನಲ್ಲೇ ಬರೆಯುತ್ತೇನೆ: ‘ನನಗೂ ಮಗುವಿಗೂ ಗಂಡನಿಂದ ಜೀವನಾಂಶ ಬೇಕು, ಅದಕ್ಕೆ ವಕೀಲರನ್ನು ಕೊಡಿ.’ ಆಮೇಲೆ ಹೆಸರು, ವಿಳಾಸ, ಮದುವೆಯ ತಾರೀಕು, ಗಂಡನ ಕೆಲಸ. ಒಂದು ಪುಟ ಸಾಕು. ಆಧಾರ್ ಜೆರಾಕ್ಸ್ ಇರಲಿ. ಅಂದಹಾಗೆ, ಜೀವನಾಂಶದ ಕೇಸಿಗೆ ಗಂಡನ ಊರಿಗೇ ಅಲೆಯಬೇಕಿಲ್ಲ. ಹೆಂಡತಿ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು.

ವಕೀಲರನ್ನು ಕೊಟ್ಟಮೇಲೆ ಅವರು ನಿಮ್ಮಿಂದ ಫೀಸು ಕೇಳುವಂತಿಲ್ಲ. ಕೇಳಿದರೆ ಸಮಿತಿಗೇ ಹೇಳಿ, ಸುಮ್ನೆ ಕೊಟ್ಟುಬಿಡಬೇಡಿ.

‘ಟೀಚರ್, ನೀವೇ ಜಡ್ಜ್ ಮುಂದೆ ಮಾತಾಡಿ’ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. 1961ರ ವಕೀಲರ ಕಾಯ್ದೆ ಪ್ರಕಾರ ವಕೀಲಿಕೆ ಸನ್ನದು, ಅಂದರೆ ವಕೀಲರಾಗಿ ಕೆಲಸ ಮಾಡುವ ಪರವಾನಗಿ, ಇದ್ದವರದ್ದೇ. 32ನೇ ಕಲಂನಲ್ಲಿ ಒಂದು ಸಂದು ಇದೆ: ಕೋರ್ಟು ಮನಸ್ಸು ಮಾಡಿದರೆ ಒಂದು ಕೇಸಿನ ಮಟ್ಟಿಗೆ ಬೇರೆಯವರಿಗೂ ಮಾತಾಡಲು ಬಿಡಬಹುದು. ಅದು ಜಡ್ಜ್ ಇಷ್ಟ, ನಮ್ಮ ಹಕ್ಕಲ್ಲ. ಕೊಲೆ ಕೇಸಿಗೆ ಸನ್ನದು ಬೇಕು, ಒಪ್ಪುತ್ತೇನೆ. ಆದರೆ ಜೀವನಾಂಶದಂಥ ಸಣ್ಣ ಕೇಸಿನಲ್ಲಿ, ತರಬೇತಿ ಪಡೆದ ನಮ್ಮಂಥವರಿಗೆ ಪಕ್ಕದಲ್ಲಿ ನಿಂತು ನಾಲ್ಕು ಮಾತಾಡಲು ಕಾನೂನೇ ಅವಕಾಶ ಕೊಡಬಾರದಾ? ವಕೀಲರು ಬರಲಿಲ್ಲ ಅಂತ ತಾರೀಕು ಮುಂದೆ ಹೋದ ದಿನವೆಲ್ಲ ಇದೇ ಯೋಚನೆ.

ಗ್ರಾಹಕರ ಆಯೋಗದಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ನಿಮ್ಮ ಕೇಸು ನೀವೇ ನಡೆಸಬಹುದು. ಮಿಕ್ಸಿಯೋ ಫ್ರಿಜ್ಜೋ, ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ.

ಕೋರ್ಟಿನಲ್ಲಿ ಕೇಸು ದಾಖಲಾದ ಮೇಲೆ ವಕೀಲರಿಂದ ಸಿಎನ್‌ಆರ್ ನಂಬರ್, ಅಂದರೆ ನಿಮ್ಮ ಕೇಸಿನ ಗುರುತಿನ ನಂಬರ್, ಇಸ್ಕೊಳ್ಳಿ. ಅಕ್ಷರ, ಅಂಕಿ ಸೇರಿ 16 ಇರುತ್ತದೆ. ಮಗಳ ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಸಿ ಅದನ್ನು ಒತ್ತಿದರೆ ಮುಂದಿನ ತಾರೀಕು ಕಾಣುತ್ತದೆ. ಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ. ಬೆಳಿಗ್ಗೆ ಹತ್ತೂವರೆಗೆಲ್ಲ ಕೋರ್ಟಿನಲ್ಲಿರಿ.